ಬಾಯಲ್ಲಿ ಓಡಿಸಿದ ಬುಲೆಟ್ಟು

ಮೊನ್ನೆ ಮಧ್ಯಾಹ್ನ ನನ್ನ ಸ್ಕೂಲ್ ವ್ಯಾನಿನ ತುಂಬ ಬೇಯಿಸಿದ ಮೊಟ್ಟೆಯ ವಾಸನೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಡಬ್ಬಿಯಲ್ಲಿ ಉಳಿಸಿಕೊಂಡಿದ್ದ ಮೊಟ್ಟೆಯ ಜೊತೆ ಕುಸ್ತಿಗೆ ಬಿದ್ದಿದ್ದಳು. ಸಿಪ್ಪೆಯ ಜೊತೆಗೆ ಅರ್ಧ ಮೊಟ್ಟೆಯೂ ಕಿತ್ತು ಬರುತ್ತಿತ್ತು. ಗಾಡಿ ನಿಲ್ಲಿಸಿ ಈಸಿಕೊಂಡೆ. ದಪ್ಪ ತುದಿಯನ್ನು ಸ್ಟೀರಿಂಗಿಗೆ ತಟ್ಟಿ, ಹೆಬ್ಬೆರಳಲ್ಲಿ ಒಂದೇ ಸುತ್ತು ಸುಲಿದು ಕೊಟ್ಟೆ. "ಅಂಕಲ್, ಇದನ್ನ ಎಲ್ಲಿ ಕಲಿತ್ರಿ?" ಅಂದಳು. 'ಬಾರಿನ ಮುಂದೆ ನಿಂತು' ಅನ್ನುವುದು ನಿಜವಾದ ಉತ್ತರ. "ನಮ್ಮವ್ವ ಹೇಳ್ಕೊಟ್ಟದ್ದು ಕಣವ್ವ" ಅಂದೆ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳ್ತೀನಿ, ಸ್ವಲ್ಪ ಆ ಕಡೆ ಸರಿದು ಜಾಗ ಕೊಡಿ.

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ನೀವು ಅಡ್ಡಬಾಯಿ ಹಾಕಬಾರದು. ಆ ಶನಿವಾರ ನಾನು ಕುಡಿದಿದ್ದೆ. ಒಂದೇ ಗುಟುಕು ಅಂತ ಸುಳ್ಳು ಹೇಳಲ್ಲ, ಚೆನ್ನಾಗೇ ಕುಡಿದಿದ್ದೆ. ಅದು ಸಾಲದು ಅಂತ ಬಾಯಿ ಬೇರೆ ಬಿಟ್ಟೆ. ನನ್ನ ತಪ್ಪು ಇವೆರಡೇ. ಗಾಡಿ ಓಡಿಸಿದ್ದು ಮಾತ್ರ ಈ ಲೆಕ್ಕದಲ್ಲಿ ಇಲ್ಲ. ಇಲ್ಲ ಅಂದರೆ ಇಲ್ಲ. ಅದನ್ನು ಹೇಳಿ ಹೇಳಿಯೇ ಅವತ್ತು ನನ್ನ ಗಂಟಲು ಕಟ್ಟಿದ್ದು.

ನನ್ನ ಗಂಟಲಿನ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಅದರಲ್ಲಿ ನನ್ನ ಸ್ವಂತದ್ದು ಅಂತ ಇರೋದು ಕಡಿಮೆ. ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಬರುವ ಮಲಯಾಳಿ ಲಾರಿಯವರು ಬೀನ್ಸು ಚೌಕಾಸಿ ಮಾಡೋದು, ಸಂತೆಮರಹಳ್ಳಿ ಬಸ್ಸಿನ ಕಂಡಕ್ಟರು ಮೂಗಲ್ಲಿ ಊರು ಕೂಗೋದು, ನಮ್ಮಪ್ಪ ಮೊದಲು ಕೆಮ್ಮಿ ಆಮೇಲೆ ಬೈಯೋದು, ಎಲ್ಲಾ ಅದರಲ್ಲೇ ಬಾಡಿಗೆಗಿವೆ. ನಮ್ಮಪ್ಪನ ಕೆಮ್ಮನ್ನು ನಮ್ಮಪ್ಪನ ಮುಂದೆಯೇ ಮಾಡಿ ಒದೆ ತಿಂದವನು ನಾನು. ಮನುಷ್ಯರು ಮುಗಿದ ಮೇಲೆ ಯಂತ್ರಗಳಿಗೆ ಇಳಿದೆ. ಅವುಗಳಲ್ಲಿ ಬುಲೆಟ್ ಬೈಕಿನ ಸದ್ದು ನನ್ನ ಹೆಮ್ಮೆ. ನನ್ನ ಹತ್ತಿರ ಇರೋದು ಹಳೇ ನೂರು ಸಿ.ಸಿ. ಗಾಡಿ, ಅದರ ಸದ್ದು ಶೀತವಾದ ಹೊಲಿಗೆ ಮೆಷಿನ್ನಿನದು. ಇಲ್ಲದ್ದನ್ನು ಬಾಯಲ್ಲಾದರೂ ಇಟ್ಟುಕೊಳ್ಳಬೇಕಲ್ಲ!

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಒಂದು ಬಾರು. ಯಾವುದು ಅಂತ ಕೇಳಬೇಡಿ, ಇನ್ನೂ ಅಲ್ಲಿಗೇ ಹೋಗಬೇಕು. ಅದರ ಮುಂದೆ ಮಾದಮ್ಮನ ಮೊಟ್ಟೆ ಗಾಡಿ. ಬೇಯಿಸಿದ ಮೊಟ್ಟೆ ಸೀಳಿ, ಈರುಳ್ಳಿ ಮೆಣಸಿನಪುಡಿ ತುಂಬಿ ಕೊಡುತ್ತಾಳೆ. ಅದಿಲ್ಲದೆ ಆ ಬಾರಿನಲ್ಲಿ ಯಾರಿಗೂ ಗುಟುಕು ಇಳಿಯಲ್ಲ. ಆದರೆ ಬೈಕಿನಲ್ಲಿ ಬಂದವನು ಮೊದಲು ಕೀ ತಂದು ಅವಳ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಕೀ ಹಾಕದವನಿಗೆ ಮೊಟ್ಟೆ ಇಲ್ಲ. ಹಾಕಿದ ಮೇಲೆ ಅತ್ತರೂ ಕರೆದರೂ ಆ ರಾತ್ರಿ ಕೀ ವಾಪಸ್ಸಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಕೀ ಇಟ್ಟವನೇ ಖುದ್ದಾಗಿ ಬಂದು, ರಸ್ತೆಯಲ್ಲಿ ನಾಲ್ಕು ಜನ ನೋಡುವ ಹಾಗೆ ಗಾಡಿ ಪಕ್ಕ ನಿಂತು, ಇಪ್ಪತ್ತು ಮೊಟ್ಟೆ ಸುಲಿದು ಕೊಟ್ಟರೆ ಕೀ. ಯಾರ ಕೀ ಇದೆ ಅಂತ ಇನ್ನೊಬ್ಬರಿಗೆ ಹೇಳೋಳಲ್ಲ. ಆ ಡಬ್ಬದ ಮುಚ್ಚಳದ ಒಳಮಗ್ಗುಲಿಗೆ ಅವಳ ತಮ್ಮನ ಫೋಟೋ ಅಂಟಿಸಿದೆ, ಬೈಕಿನ ಮೇಲೆ ಕೂತು ತೆಗೆಸಿಕೊಂಡದ್ದು. ಡಬ್ಬ ಮುಚ್ಚುವ ಮೊದಲು ಪ್ರತಿ ಸಲ ಅದನ್ನು ಸೆರಗಿನಿಂದ ಒರೆಸುತ್ತಾಳೆ.

ಆ ಶನಿವಾರ ನಾನು ಕೀ ಹಾಕುವಾಗ ಡಬ್ಬದ ತಳದಲ್ಲಿ ಕೆಂಪು ದಾರ ಕಟ್ಟಿದ ಒಂದು ಕೀ ಬಿದ್ದಿತ್ತು. "ಇದ್ಯಾರ್ದು ಮಾದಮ್ಮಕ್ಕ?" ಅಂದೆ.

"ಬುಧವಾರ್ದಿಂದ ಬಿದ್ದದೆ. ಮೊಟ್ಟೆ ಸುಲಿಯಾಕೆ ನಾಚ್ಕೆ ಅವರ್ಗೆ. ನಿನ್ಗ್ಯಾಕ್ಲಾ ಊರ್ನೋರ ಉಸಾಬರಿ, ತಿನ್ನು."

ತಿಂದೆ. ಕುಡಿದೆ. ಬಾರು ಮುಚ್ಚಿತು. ಹಿಂದಿನ ವಾರ ಅಲ್ಲಿ ನಿಂತಿದ್ದ ಯಾರದೋ ಬೈಕಿನಿಂದ ಪೆಟ್ರೋಲು ಕದ್ದಿದ್ದರು, ಅದಕ್ಕೆ ಗಾಡಿಯನ್ನು ಅಲ್ಲಿ ಬಿಡದೆ ಅರ್ಧ ಮೈಲಿ ಆಚೆಗಿದ್ದ ಗೆಳೆಯ ಪುಟ್ಟನ ಮನೆಗೆ ತಳ್ಳಿಕೊಂಡು ಹೊರಟೆವು. ಸುಮ್ಮನೆ ತಳ್ಳಬಾರದಿತ್ತೇ? ನನ್ನ ಬಾಯಿಗೆ ಕಡಿತ. ಡುಗ್ ಡುಗ್ ಡುಗ್ ಅಂತ ಶುರು ಮಾಡಿದೆ. ಪುಟ್ಟ ಹಿಂದಿನಿಂದ ಸೀಟು ಹಿಡಿದು ನಡೆಯುತ್ತಾ, "ವಸಿ ನಿಧಾನಕ್ಕೆ ಓಡ್ಸ್ಲಾ, ಎಂಡ್ರು ಮಕ್ಳವ್ರೆ" ಅಂದ. ಅವನಿಗೆ ಮದುವೆಯೇ ಆಗಿಲ್ಲ. ನಾನು ಗೇರು ಬದಲಿಸಿ ಏರಿನಲ್ಲಿ ಇನ್ನೂ ಜೋರು ಮಾಡಿದೆ. ಅಷ್ಟರಲ್ಲಿ ಜೀಪಿನ ಬೆಳಕು ಬಿತ್ತು. ಪುಟ್ಟ ರಸ್ತೆ ಬದಿಯ ಲಂಟಾನ ಪೊದೆಗೆ ಹಾರಿ ತಾನೂ ಲಂಟಾನ ಗಿಡವಾಗಿಬಿಟ್ಟ.

ಜೀಪಿನಿಂದ ಇಳಿದವರು ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ಲು, ನಮ್ಮ ಕಡೆ ದಫೇದಾರ್ರು ಅಂತೀವಿ. ಮಷಿನ್ ಬಾಯಿಗಿಟ್ಟರು, ಊದಿದೆ, ಅದು ಕಿರುಚಿತು. "ಕುಡ್ದು ಬುಲೆಟ್ ಓಡುಸ್ತೀಯೇನ್ಲಾ?"

"ಸಾರ್, ಇದು ಬುಲೆಟ್ಟೇ ಅಲ್ಲ, ನೋಡಿ! ತಳ್ಕೊಂಡ್ ಬತ್ತಾ ಇದ್ದೆ, ಸೌಂಡು ನನ್ ಬಾಯಿಂದು. ಇಂಜಿನ್ ಮುಟ್ಟಿ ನೋಡಿ, ತಣ್ಣಗದೆ."

ಇಂಜಿನ್ ಮುಟ್ಟಲಿಲ್ಲ, ನನ್ನ ಕೆನ್ನೆ ಮುಟ್ಟಿದರು. ಕೀ ಎಲ್ಲಿ ಅಂದರು. ಮಾದಮ್ಮನ ಹತ್ತಿರ ಅಂದೆ. ದಫೇದಾರ್ರು ಮೀಸೆ ಸವರಿಕೊಂಡು ಬಾರಿನ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ, "ಕೀ ಪೊದೆಗೆ ಎಸ್ದವ್ನೆ, ಹತ್ಸಿ" ಅಂದರು.

ಯಾವ ಸ್ಟೇಷನ್ ಅಂತಲೂ ಹೇಳಲ್ಲ. ಶರ್ಟು, ಬೆಲ್ಟು, ಫೋನು ಕಿತ್ತುಕೊಂಡು ಬನಿಯನ್ನಿನಲ್ಲಿ ನೆಲದ ಮೇಲೆ ಕೂರಿಸಿದರು. ಕಳ್ಳತನ ಮಾಡಿ ಬಂದಿದ್ದವನೊಬ್ಬ ಬೆಂಚಿನ ಮೇಲಿದ್ದ, ಅವನಿಗೆ ಶರ್ಟಿತ್ತು. ಆಮೇಲೆ ಶುರುವಾಯಿತು. "ಏನೋ ಬಾಯಲ್ಲಿ ಮಾಡ್ತೀನಿ ಅಂದ್ಯಲ್ಲ, ಮಾಡು ನೋಡನ." ಮಲಯಾಳಿ ಲಾರಿಯವನನ್ನು ಮಾಡಿದೆ. ಕಂಡಕ್ಟರನ್ನು ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬರು ಟೀ ಕುಡಿಯುತ್ತಿದ್ದವರು ಯೂನಿಫಾರ್ಮಿನ ಮೇಲೆ ಉಗಿದುಕೊಂಡರು. ಸರಿ, ಇನ್ನು ಬಿಡುತ್ತಾರೆ ಅಂದುಕೊಂಡೆ. ನಗು ಒರೆಸಿಕೊಂಡು ದಫೇದಾರ್ರು ಪೆನ್ನಿನ ಮುಚ್ಚಳ ತೆಗೆದರು. ಕುಡಿದು ವಾಹನ ಚಲಾಯಿಸುತ್ತಿದ್ದ, ವಾಹನದ ಶಬ್ದವನ್ನು ಖುದ್ದು ಕೇಳಿರುತ್ತೇನೆ. ಹೀಗಂತ ಬರೆದರು. ಏಟು ಮರೆತೇನು. ಆದರೆ ನನ್ನ ಬಾಯಲ್ಲಿ ಏನೇನು ಬರುತ್ತೆ ಅಂತ ಕಿವಿಯಾರೆ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದೇ ಕೈಯಲ್ಲಿ ಅದನ್ನು ಬರೆದರಲ್ಲ, ಅದಕ್ಕೆ ಏನಂತೀರಿ?

ನಿಮಗಿದು ಸಣ್ಣ ಕೇಸು. ನಾನು ಇಪ್ಪತ್ತೆರಡು ಮಕ್ಕಳನ್ನು ಕೂರಿಸಿಕೊಂಡು ವ್ಯಾನು ಓಡಿಸೋನು. 'ಕುಡಿದು ಓಡಿಸಿದವನು' ಅಂತ ಒಂದು ಕಾಗದ ಬಂದರೆ ಸೋಮವಾರ ಹೆಡ್‌ಮೇಡಂ ಕೀ ಕೇಳುತ್ತಾರೆ, ಅದು ಮೊಟ್ಟೆ ಸುಲಿದರೆ ವಾಪಸ್ ಬರೋ ಕೀ ಅಲ್ಲ. ಕೇಳೋದೂ ನ್ಯಾಯವೇ. ಕುಡಿದು ಓಡಿಸುವವನ ವ್ಯಾನಿಗೆ ನಾನೂ ಮಕ್ಕಳನ್ನು ಹತ್ತಿಸಲ್ಲ. ಆದರೆ ನಾನು ಓಡಿಸಲಿಲ್ಲವಲ್ಲ! ಓಡಿಸಬಾರದು ಅಂತ ತಾನೇ ಕೀ ಕೊಟ್ಟಿದ್ದು, ಓಡಿಸಲಿಲ್ಲ ಅಂತ ತಾನೇ ತಳ್ಳಿದ್ದು!

ಬೆಳಿಗ್ಗೆ ದಫೇದಾರ್ರು ಒಬ್ಬ ಕಾನ್‌ಸ್ಟೇಬಲ್ಲಿಗೆ, "ನನ್ನೂ ಮನೆತಂಕ ಬುಟ್ಬುಡಪ್ಪ, ನನ್ ಸ್ಕೂಟ್ರು ಮೆಕ್ಯಾನಿಕ್ ತಾವದೆ" ಅನ್ನುತ್ತಿದ್ದರು. ಹೊರಡುವ ಮೊದಲೇ ಎಸ್ಐ ಸಾಹೇಬರು ಬಂದರು, ಮೀಸೆ ಸರಿಯಾಗಿ ಬಲಿಯದ ಹೊಸಬರು. ನಾನು ಎದ್ದು ನಿಂತು ನನ್ನ ಕಥೆ ಒಪ್ಪಿಸಿದೆ. "ಮಾಡು" ಅಂದರು. ಒಣಗಿದ ಗಂಟಲಲ್ಲೇ ಬುಲೆಟ್ ಒದ್ದು ಸ್ಟಾರ್ಟ್ ಮಾಡಿದೆ. ಅಂಗಳದಲ್ಲಿದ್ದ ಸೆಂಟ್ರಿ ಯಾರು ಬಂದರು ಅಂತ ಗೇಟಿನ ಕಡೆ ತಿರುಗಿ ನೋಡಿದ. ಸಾಹೇಬರ ತುಟಿ ಒಂದು ಕೂದಲಿನಷ್ಟು ನಕ್ಕಿತು. "ಸೌಂಡ್ ಸರಿ. ಕೀ ಎಸೆದಿಲ್ಲ ಅನ್ನೋಕೆ ಏನು ಸಾಕ್ಷಿ?"

ಆಗ ಬಾಗಿಲಲ್ಲಿ ಮಾದಮ್ಮ. ಲಂಟಾನ ಗಿಡ ಬೆಳಗಾಗುತ್ತಲೇ ಓಡಿಹೋಗಿ ಅವಳಿಗೆ ಹೇಳಿತ್ತು. ಕಂಕುಳಲ್ಲಿ ಡಬ್ಬ, ಸೆರಗಿಗೆ ಅಂಟಿದ ಈರುಳ್ಳಿ ಸಿಪ್ಪೆ. ನನ್ನ ಕಡೆ ನೋಡಲೂ ಇಲ್ಲ. ಡಬ್ಬ ತೆಗೆದು ನನ್ನ ಕೀಯನ್ನು ಮೇಜಿನ ಮೇಲಿಟ್ಟಳು. "ನೆನ್ನೆ ಸಂದೇಲಿ ಇಟ್ಟೋಗವ್ನೆ. ಗಾಡಿಗೆ ಆಕಿ ನೋಡಿ."

ಕಾನ್‌ಸ್ಟೇಬಲ್ಲು ಹೊರಗೆ ಹೋಗಿ, ರಾತ್ರಿಯೇ ತರಿಸಿ ನಿಲ್ಲಿಸಿದ್ದ ನನ್ನ ಗಾಡಿಗೆ ಹಾಕಿ ನೋಡಿದ. ಹೊಲಿಗೆ ಮೆಷಿನ್ನು ಕೆಮ್ಮಿತು. ಸಾಹೇಬರು ದಫೇದಾರ್ರ ಕಡೆ ನೋಡಿದರು. ದಫೇದಾರ್ರು ಡಬ್ಬದ ಕಡೆ ನೋಡಿ ಮುಖ ತಿರುಗಿಸಿ, "ರಾತ್ರಿ ಎಸ್ದಿದ್ನ ಬೆಳಿಗ್ಗೆ ಹುಡ್ಕಿ ತಂದವ್ರೆ ಸಾರ್" ಅಂದರು. ಸಾಹೇಬರು ನಿಟ್ಟುಸಿರು ಬಿಟ್ಟು ಕೇಳಿದರು: "ನೋಡಮ್ಮಾ, ಬಾರಿನ ಮುಂದೆ ಮೊಟ್ಟೆ ಮಾರೋಳು ನೀನು. ನಿನ್ನನ್ನ ನಂಬಿ ಯಾರು ಕೀ ಕೊಡ್ತಾರೆ?"

ಅವಳು ಅಂದದ್ದನ್ನು ಕೇಳಿದ ಮೇಲೆ ಆ ಕಾಗದ ಹರಿದರು, ಶರ್ಟು ಕೊಟ್ಟರು, ಕೆನ್ನೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಇವತ್ತಿಗೂ ಆ ಸಿಟ್ಟು ನನ್ನಲ್ಲಿ ಬೇಯುತ್ತಲೇ ಇದೆ. ವ್ಯಾನಿನ ಮಕ್ಕಳು "ಅಂಕಲ್, ಬುಲೆಟ್!" ಅಂದರೆ ಮಾಡುತ್ತೀನಿ, ಆದರೆ ಗಾಡಿ ನಿಲ್ಲಿಸಿ, ಕೀ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಎತ್ತಿ ಹಿಡಿದು. ದಫೇದಾರ್ರನ್ನೂ ಕಲಿತಿದ್ದೀನಿ, ಎಸ್ಐ ಸಾಹೇಬರನ್ನೂ ಕಲಿತಿದ್ದೀನಿ, ಬೇಕಾದಾಗ ಮಾಡಿ ತೋರಿಸ್ತೀನಿ. ಮಾದಮ್ಮನ ದನಿ ಮಾತ್ರ ಎಷ್ಟು ಸಲ ಪ್ರಯತ್ನಿಸಿದರೂ ಬರಲಿಲ್ಲ. ಹಾಗಾಗಿ ಅವಳಂತೆ ಮಾಡಲು ಹೋಗದೆ, ಅವತ್ತು ಅವಳು ಕೆಂಪು ದಾರದ ಕೀಯನ್ನು ಸಾಹೇಬರ ಮುಂದಿಟ್ಟು ಅಂದದ್ದನ್ನು ಅಂದ ಹಾಗೇ ಹೇಳಿಬಿಡ್ತೀನಿ:

"ನಿಮ್ ದಫೇದಾರ್ರು ಕೊಟ್ಟವ್ರಲ್ಲ ಸ್ವಾಮಿ, ಬುಧವಾರ. ಇಪ್ಪತ್ತು ಮೊಟ್ಟೆ ಸುಲ್ಕೊಟ್ಟು ತಗಂಡೋಗಕ್ಕೇಳಿ."