ಮಳಿ ಅಂದರೆ ಮಳ್ಳೀ

ಯಂತ್ರದ ಜೊತೆ ಮಾತಾಡುವಾಗ ನನ್ನ ದನಿ ತಾನಾಗಿಯೇ ಮೆತ್ತಗಾಗುತ್ತದೆ. ತನ್ನ ಜೊತೆ ಒಂದು ದಿನವಾದರೂ ಇಷ್ಟು ನಯವಾಗಿ ಮಾತಾಡಿದ್ದುಂಟೇ ಎಂದು ಹೆಂಡತಿ ಮೂತಿ ತಿರುವುತ್ತಾಳೆ. ಫೋನನ್ನು ಬಾಯಿ ಹತ್ತಿರ ಹಿಡಿದು, "ದಯವಿಟ್ಟು ಇಂದಿನ ಷೇರುಪೇಟೆ ಹೇಗಿದೆ ತಿಳಿಸಿ" ಎಂದು ಅಚ್ಚ ಪುಸ್ತಕದ ಕನ್ನಡದಲ್ಲಿ ಕೇಳುತ್ತೇನೆ. ತೆಲಂಗಾಣದ ತಾಂಡೂರಿನಲ್ಲೇ ಹುಟ್ಟಿ, ಅಲ್ಲೇ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುತ್ತ ತಲೆ ನರೆಸಿಕೊಂಡ ನಾನು ಮನುಷ್ಯರೊಡನೆ ಎಂದೂ ಆ ಭಾಷೆ ಆಡಿದವನಲ್ಲ. ಆಡಿದ್ದರೆ ಗಿರಾಕಿ ಹೆದರಿ ಓಡುತ್ತಿದ್ದ. ಈಗ ಓಡುವುದಕ್ಕೂ ಗಿರಾಕಿ ಬೇಕಲ್ಲ! ಮನೆಮನೆಗೂ ಟೈಲ್ಸ್ ಬಂದ ಮೇಲೆ ಫರಸಿ ಕೇಳುವವರು ಕಡಿಮೆಯಾಗಿದ್ದಾರೆ. ಹಾಗಾಗಿ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಪೇಟೆ ಏರುವುದು, ಇಳಿಯುವುದು ನೋಡುವುದಕ್ಕೆ ನನಗೆ ಬೇಕಾದಷ್ಟು ಪುರುಸೊತ್ತಿದೆ.

ಈ ಜ್ಞಾನವನ್ನೆಲ್ಲ ಒಬ್ಬನೇ ಇಟ್ಟುಕೊಂಡು ಏನು ಮಾಡಲಿ? ದೌಲತಾಬಾದಿನ ಕಡೆ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿರುವ ಅಣ್ಣನ ಹೆಂಡತಿ, ನಮ್ಮ ಗುರಮ್ಮ ವೈನಿಗೂ ಫೋನಿನ ಜೊತೆ ಮಾತಾಡುವ ವಿದ್ಯೆ ಕಲಿಸಲು ಹೊರಟೆ. ವೈನಿಗೆ ಭಾಷೆಗೇನೂ ಬರವಿಲ್ಲ. ಸಂತೆಯಲ್ಲಿ ತೆಲುಗು, ಬಸ್ಸಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಆದರೆ ದೇವರು, ದನಕರು, ಮಳೆ ಈ ಮೂರರ ವಿಷಯಕ್ಕೆ ಬಂದರೆ ಅವಳದು ಕನ್ನಡವೇ. ಮಳೆಯನ್ನು ಬೇರೆ ಹೆಸರಿನಿಂದ ಕರೆದರೆ ಅದು ತನ್ನನ್ನಲ್ಲ ಅಂದುಕೊಂಡು ಪಕ್ಕದ ಊರಿಗೆ ಹೋದೀತು ಎಂಬ ಭಯ ಇದ್ದರೂ ಇರಬಹುದು.

ಮೊದಲು ಫೋನಿಗೆ ಕನ್ನಡವನ್ನೇ ಹಾಕಿಕೊಟ್ಟೆ. ವೈನಿ ಬಾವಿಯೊಳಗಿದ್ದವರನ್ನು ಕೂಗುವ ಹಾಗೆ "ಮಳಿ ಬರ್ತದೇನ?" ಎಂದಳು. ನಮ್ಮ ಕಡೆ ಮಳೆಗೆ ಮಳಿ ಅಂತಲೇ ಅನ್ನುವುದು. ಫೋನು ಕ್ಷಣ ಯೋಚಿಸಿ, ಯಾವುದೋ ದೊಡ್ಡ ಪಟ್ಟಣದ ವಾಣಿಜ್ಯ ಮಳಿಗೆಗಳನ್ನು ಸಾಲಾಗಿ ತೋರಿಸಿತು. ಮೊದಲನೆಯದೇ ಸೀರೆ ಅಂಗಡಿ.

"ನಾ ಮಳಿ ಕೇಳಿದ್ರ ಇದು ಸೀರಿ ತೋರಸ್ತದಲ್ಲೋ ತಮ್ಮಾ! ನಿಮ್ಮಣ್ಣಗ ಇದರ ಬುದ್ಧಿ ಒಂದೀಟು ಇದ್ದಿದ್ರ ಛಲೋ ಇತ್ತು" ಎಂದಳು ವೈನಿ. ಅಣ್ಣ ಮೆಲ್ಲಗೆ ದನದ ಕೊಟ್ಟಿಗೆ ಕಡೆ ಹೋದ.

ಇದು ನಗುವ ವಿಷಯವಾದರೂ, ಮಳೆಯ ವಿಚಾರ ಈಗ ನಗುವ ಹಾಗೆ ಉಳಿದಿಲ್ಲ. ನಮ್ಮ ಹಿರಿಯರು ಒಂದೊಂದು ಮಳೆಗೂ ನಕ್ಷತ್ರದ ಹೆಸರಿಟ್ಟು, ಒಂದೊಂದು ಗಾದೆ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದರೆ ಓಣಿಯೆಲ್ಲ ಜೋಳವೇ. ಈಗ ಮಳೆಗಳೆಲ್ಲ ಗೂಟ ಕಿತ್ತುಕೊಂಡಿವೆ. ಬಿತ್ತಿದಾಗ ಕೈಕೊಟ್ಟ ಮಳೆ ರಾಶಿ ಮಾಡುವ ಹೊತ್ತಿಗೆ, ಕರೆಯದ ನೆಂಟನ ಹಾಗೆ, ಚಪ್ಪಲಿ ಕಳಚದೆ ಒಳಗೆ ಬರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಸುರಿಯುವ ಮಳೆಗೆ ಹಿರಿಯರು ಗಾದೆಯನ್ನೇ ಮಾಡಿಟ್ಟಿಲ್ಲ. ಅಂಥದ್ದೊಂದು ಬಂದೀತೆಂದು ಅವರಿಗೆ ಯಾರು ಹೇಳಿದ್ದರು?

ಸಂಕ್ರಾಂತಿ ಕಳೆದ ಅಂಥದೇ ಒಂದು ದಿನ. ಅಣ್ಣ ನಾರಾಯಣಖೇಡಕ್ಕೆ ಬೀಗರ ಮದುವೆಗೆ ಹೋಗಿದ್ದ. ರಾಶಿ ಕಾಯುವುದಕ್ಕೆ ವೈನಿಗೆ ಜೊತೆಯಾಗಲೆಂದು ನಾನು ಹಳ್ಳಿಗೆ ಬಂದಿದ್ದೆ. ಖರೇ ಹೇಳಬೇಕೆಂದರೆ, ತೊಗರಿ ಮಾರಿದ ಹಣವನ್ನು ಕುರಿಗೆ ಹಾಕದೆ ಮ್ಯೂಚುವಲ್ ಫಂಡಿಗೆ ಹಾಕುವಂತೆ ಅವಳನ್ನು ಒಪ್ಪಿಸಬೇಕು ಎಂಬ ಹುಳ ನನ್ನ ತಲೆಯಲ್ಲಿತ್ತು. ಮನೆ ಮುಂದಿನ ಕಣಕ್ಕೆ ನನ್ನ ಅಂಗಡಿಯ ಮೂಲೆ ಮುರಿದ ಫರಸಿಗಳನ್ನೇ ಹಾಸಿದ್ದೆವು. ಅದರ ತುಂಬ ಆ ವರ್ಷದ ತೊಗರಿಯೆಲ್ಲ ಬಿಸಿಲಿಗೆ ಹರವಿಕೊಂಡು ಬಿದ್ದಿತ್ತು. ಹೊಳೆಯುವ ಕೆಂಪು ಕಾಳು. ನೋಡಿದರೆ ಹೊಟ್ಟೆ ತುಂಬುತ್ತಿತ್ತು. ಮಳೆಗೆ ನೆನೆದರೆ ಮಾತ್ರ ಎಲ್ಲ ಹೋಯಿತು. ಕರ್ರಗಾಗಿ ಮೊಳಕೆಯೊಡೆದ ತೊಗರಿಯನ್ನು ತಾಂಡೂರಿನ ಅಡತಿ ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ. ವೈನಿ ಅಣ್ಣ ಇಬ್ಬರೂ ಆಷಾಢದಿಂದ ಮುರಿದುಕೊಂಡ ಬೆನ್ನು ಆ ಕಣದ ಮೇಲಿತ್ತು.

ಆಕಾಶ ತೊಳೆದಿಟ್ಟ ಹಾಗೆ ನೀಲಿ. ಚಹಾ ಕುಡಿಯುತ್ತ ಕೂತಿದ್ದೆವು. ಕನ್ನಡದಲ್ಲಿ ಕೇಳಿದರೆ ಸೀರೆ ತೋರಿಸುತ್ತದೆಂದು ನಾನು ಫೋನಿಗೆ ತೆಲುಗು ಹಾಕಿ, ತೆಲುಗಿನಲ್ಲೇ ಹವಾಮಾನ ಕೇಳಿದೆ.

"ಸಾಯಂತ್ರಂ ವರ್ಷಂ ಪಡೇ ಅವಕಾಶಂ ಉಂದಿ" ಎಂದಿತು ಫೋನು. ಸಂಜೆಗೆ ಮಳೆ ಬೀಳುವ ಸಂಭವ ಇದೆಯಂತೆ.

"ಹೈದರಾಬಾದಿಂದು ಹೇಳಾಕ್ಹತ್ಯದ್ರಿ ವೈನಿ. ನಮ್ಮದಲ್ಲ" ಎಂದೆ ನಾನು, ಯಂತ್ರಗಳ ಒಳಗುಟ್ಟು ಬಲ್ಲವನ ಗತ್ತಿನಲ್ಲಿ.

ವೈನಿಯ ಕೈಯಲ್ಲಿದ್ದ ಕಪ್ಪು ಅರ್ಧಕ್ಕೇ ನಿಂತಿತು. ಫೋನಿನ ಕಡೆ ಬಾಗಿ, "ಮಳಿ?" ಎಂದಳು.

ಫೋನು ಚಾಚೂ ತಪ್ಪದೆ ಮೊದಲು ಹೇಳಿದ್ದನ್ನೇ ಹೇಳಿತು. ನನಗೆ ಅರೆಕ್ಷಣ ತಿಳಿಯಲಿಲ್ಲ, ತಿಳಿದ ಮೇಲೆ ಚಹಾ ನೆತ್ತಿಗೇರಿತು. ತೆಲುಗಿನಲ್ಲಿ ಮಳ್ಳೀ ಅಂದರೆ ಮತ್ತೊಮ್ಮೆ! ವೈನಿಯ ಮಳಿ ಆ ತೆಲುಗು ಕಿವಿಗೆ ಮಳ್ಳೀ ಎಂದು ಬಿದ್ದಿತ್ತು. ವೈನಿ ಮತ್ತೆ "ಮಳಿ?" ಎಂದಳು. ಅದು ಮತ್ತೆ ಅದನ್ನೇ ಹೇಳಿತು. ಇನ್ನೊಮ್ಮೆ ಗದರಿಸಿ ಕೇಳಿದಳು. ಅದೇ ದನಿ, ಅದೇ ಮಾತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ವೈನಿ ಕಪ್ಪು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಟ್ಟಳು.

"ಏಳೋ ತಮ್ಮಾ. ಚೀಲ ತಗೊಂಡು ಬಾ."

"ವೈನಿ, ಅದಕ್ಕ ಮಳಿ ಅಂದ್ರೇನಂತ ತಿಳದೇ ಇಲ್ರಿ! ಅದು…"

"ಬಾಯಿ ಆಮ್ಯಾಲ ಮಾಡು. ಮೊದ್ಲ ಚೀಲ."

ಪಕ್ಕದ ಹೊಲದಲ್ಲಿ ಕುರಿ ಬಿಟ್ಟಿದ್ದ ಬೀರಪ್ಪ ನೀಲಿ ಆಕಾಶವನ್ನೂ ನಮ್ಮ ಗಡಿಬಿಡಿಯನ್ನೂ ಒಂದೊಂದು ಸಲ ನೋಡಿ, "ಏನವ್ವಾ, ಫೋನ್ ಮಾತ ಕೇಳಿ ರಾಶಿ ಎತ್ತಾಕ್ಹತ್ತೀಯೇನ? ಜನ ನಕ್ಕಾರ" ಎಂದ. "ನಗಲಿ ಬಿಡು. ನೀ ನಕ್ಕೋತನ ಒಂದ್ ಚೀಲ ಹಿಡಿ" ಎಂದಳು ವೈನಿ. ಅವನೂ ಅವನ ಹೆಂಡತಿಯೂ ಬಂದರು. ಗೋರಿದೆವು, ತುಂಬಿದೆವು, ಹೊತ್ತೆವು. ಷೇರುಪೇಟೆಯ ಏರಿಳಿತವನ್ನು ಮಾತ್ರ ಹೊತ್ತು ಅಭ್ಯಾಸವಿದ್ದ ನನ್ನ ಸೊಂಟ ಆ ಮಧ್ಯಾಹ್ನ ದೇವರನ್ನು ಮೂರೂ ಭಾಷೆಯಲ್ಲಿ ನೆನೆಯಿತು. ಪಡಸಾಲೆ ತುಂಬಿತು, ಮಿಕ್ಕ ಚೀಲಗಳನ್ನು ಕಟ್ಟೆಯ ಮೇಲೆ ಒಟ್ಟಿ, ನೀರಿಳಿಯದ ತಾಡಪತ್ರಿ ಹೊದಿಸಿ ಬಿಗಿದು, ಅಂಚಿಗೆ ಫರಸಿ ಹೇರಿದೆವು.

ಸಂಜೆಗೆ ತಾಂಡೂರಿನ ದಿಕ್ಕಿನಿಂದ ತಣ್ಣನೆ ಗಾಳಿ ಬೀಸಿತು. ಕುರಿಗಳು ಒಂದಕ್ಕೊಂದು ಒತ್ತಿಕೊಂಡವು. ಆಮೇಲೆ ಬಂತು ನೋಡಿ! ಬರಿದಾದ ಕಣದ ಮೇಲೆ ನೀರು ಕುಣಿದು ಹರಿಯಿತು. ಒಂದು ಕಾಳು ನೆನೆಯಲಿಲ್ಲ. ಬೀರಪ್ಪ ಕಂಬಳಿಯ ಕೊಪ್ಪೆಯೊಳಗಿಂದ "ಭಲೆ ಗುರಮ್ಮವ್ವಾ!" ಎಂದು ಕೇಕೆ ಹಾಕಿದ. ವೈನಿ ಅಂಗಳದ ನಡುವೆ ಮುಖ ಮೇಲೆತ್ತಿ ನಿಂತು, "ಬಾ, ಎಷ್ಟ ಬರ್ತಿ ಬಾ!" ಎಂದು ಮಳೆಗೇ ಸವಾಲು ಹಾಕಿದಳು. ನನಗೋ ಖುಷಿಗೆ ಕಣ್ಣೀರೇ ಬಂತು. ಮಳೆಯಲ್ಲಿ ಯಾರಿಗೂ ಕಾಣಲಿಲ್ಲ ಅಷ್ಟೆ. ಅಷ್ಟರಲ್ಲಿ ನಾರಾಯಣಖೇಡದಿಂದ ಅಣ್ಣನ ಫೋನು. ಅಲ್ಲಿ ಹಂದರವೇ ನೆನೆದಿತ್ತಂತೆ. "ಎಲ್ಲಾ ಹೋತೇನ?" ಎಂದ, ಅಳುವ ದನಿಯಲ್ಲಿ. "ಏನೂ ಹೋಗಿಲ್ಲ. ನೀವು ಹೋಳಿಗಿ ತಿಂದು, ಮಳಿ ನಿಂತ ಮ್ಯಾಲ ಬರ್ರಿ" ಎಂದಳು ವೈನಿ.

ತಲೆ ಒರೆಸಿಕೊಳ್ಳುತ್ತ ನಾನು ನನ್ನ ಪಾಂಡಿತ್ಯ ತೆಗೆದೆ. ಫೋನು ಅವಳ ಪ್ರಶ್ನೆಯನ್ನು ಅರ್ಥ ಮಾಡಿಕೊಂಡೇ ಇರಲಿಲ್ಲ, ಸುಮ್ಮನೆ ಮತ್ತೊಮ್ಮೆ ಹೇಳುತ್ತಿತ್ತು ಎಂದು ವಿವರಿಸಿದೆ.

"ನನಗ ತೆಲುಗು ಬರೂದಿಲ್ಲೇನ? ಮೊದಲನೇದು ಮಳಿ ಅಂತಲೇ ಕೇಳ್ದೆ. ಅದು ಮಳ್ಳೀ ಅಂತ ತಿಳ್ಕೊಂಡದ ಅಂತ ಗೊತ್ತಾತು. ಆಮ್ಯಾಲಿಂದೆಲ್ಲಾ ಮಳ್ಳೀನೇ. ಸುಳ್ಳ ಹೇಳಾಂವ ಮತ್ತೊಮ್ಮಿ ಹೇಳು ಅಂದ್ರ ತಡವರಸ್ತಾನ. ಗದರ್ಸಿದ್ರೂ ಇದು ಮಾತ ತಿರುವಲಿಲ್ಲ. ಇನ್ನೇನ್ ಬೇಕು?"

ಯಂತ್ರ ಹಸಿ ಸುಳ್ಳನ್ನೂ ಅಷ್ಟೇ ನೆಟ್ಟಗೆ ಸಾವಿರ ಸಲ ಹೇಳಬಲ್ಲದು ಎಂದು ನಾನು ವಾದಿಸಬಹುದಿತ್ತು. ಆದರೆ ಗೆದ್ದವಳ ಮುಂದೆ ತರ್ಕ ಯಾರಿಗೆ ಬೇಕು? ಅದರ ಬದಲು, ಫೋನಿನ ಮೇಲೆ ಅಷ್ಟು ನಂಬಿಕೆ ಬಂದಿದ್ದರೆ ಅದೇ ಫೋನಿನಲ್ಲಿ ಫಂಡಿಗೂ ಹಣ ಹಾಕಬಹುದಲ್ಲ ಎಂದು ಮೆಲ್ಲಗೆ ಎತ್ತಿದೆ.

"ಎಷ್ಟು ಬೆಳೀತದ?" ಎಂದಳು. "ಹತ್ತು ವರ್ಷಕ್ಕ ಮೂರು ಪಟ್ಟು ಆಗ್ತದ್ರಿ" ಎಂದೆ. "ಮಳ್ಳೀ?" "ಎರಡೂವರಿ ಅಂತೂ ಖಾಯಂ." "ಮಳ್ಳೀ?" "ಪೇಟೆ ನೆಟ್ಟಗಿದ್ರ…" ನನ್ನ ದನಿ ನನಗೇ ಕೇಳಿಸದಾಯಿತು. ಆ ವರ್ಷ ವೈನಿ ಬೀರಪ್ಪನ ಹಿಂಡಿನಿಂದ ಕುರಿಗಳನ್ನೇ ಕೊಂಡಳು. ಅವು ಈಗ ಮರಿ ಹಾಕಿವೆ. ನನ್ನ ಫಂಡು ಇನ್ನೂ ಯೋಚಿಸುತ್ತಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತು ಒರೆಗಲ್ಲಾಗಿದೆ. ನಾನೂ ದೊಡ್ಡ ಮಾತು ಆಡುವ ಮುಂಚೆ ಒಳಗೊಳಗೇ ಮಳ್ಳೀ ಎಂದುಕೊಳ್ಳುತ್ತೇನೆ. ಹಾಗಾಗಿ ಈಗ ಕಡಿಮೆ ಮಾತಾಡುತ್ತೇನೆ. ಹೆಂಡತಿಗೆ ನನ್ನ ಆರೋಗ್ಯದ ಮೇಲೆ ಅನುಮಾನ.

ಮೊನ್ನೆ ಓಟು ಕೇಳಲು ಒಬ್ಬ ಮುಖಂಡರು ವೈನಿಯ ಅಂಗಳಕ್ಕೆ ಬಂದರು. ನಾನೂ ಅಲ್ಲೇ ಇದ್ದೆ. ಮೂರೂ ಭಾಷೆಯಲ್ಲಿ ನಮಸ್ಕಾರ ಮಾಡಿ, ಊರಿಗೊಂದು ಗೋದಾಮು ಕಟ್ಟಿಸಿ, ಮನೆಮನೆಗೆ ಸೋಲಾರ್ ಹಾಕಿಸಿ, ಇನ್ನು ಮೇಲೆ ಒಬ್ಬರ ತೊಗರಿಯೂ ನೆನೆಯದಂತೆ ನೋಡಿಕೊಳ್ಳುತ್ತೇನೆ ಎಂದರು. ವೈನಿ ಹೊಸ ಮರಿಯೊಂದನ್ನು ಎತ್ತಿಕೊಂಡು ಎಲ್ಲವನ್ನೂ ಸಮಾಧಾನವಾಗಿ ಕೇಳಿದಳು.

"ಮಳ್ಳೀ?" ಎಂದಳು.

ಮುಖಂಡರು ಗಾಬರಿಯಾಗಿ ತಲೆಯೆತ್ತಿ ಆಕಾಶ ನೋಡಿದರು. "ಮಳಿ ಎಲ್ಲದವ್ವಾ? ಒಂದ್ ಮೋಡ ಸೈತ ಇಲ್ಲ."

"ಬರ್ತದ್ರಿ" ಎಂದಳು ವೈನಿ, "ಒಂದ್ ತಾಡಪತ್ರಿ ತಗೊಂಡು ಇಟ್ಕೋರಿ."