ಸುಳ್ಳುಗಾರರ ಬಂದರಿನ ಓಡ್ರುನ್

ನಾರ್ವೆಯ ಉತ್ತರ ತುದಿಯ ನಮ್ಮ ಬಂದರಿನ ಕಾಡ್ ಮೀನು ಎಂಥದ್ದು ಅಂದ್ರೆ, ದೋಣಿ ಮೀನನ್ನ ತರಲ್ಲ, ಮೀನೇ ದೋಣೀನ ದಡಕ್ಕೆ ಎಳ್ಕೊಂಡು ಬರುತ್ತೆ. ಅರ್ಧ ಸುಳ್ಳು ಅಂತಲೇ ಇಟ್ಕೊಳ್ಳಿ. ಇಲ್ಲಿಯ ದೋಣಿಯವರ ಬಾಯಲ್ಲಿ ಅರ್ಧ ನಿಜ ಬಂದ್ರೂ ದೊಡ್ಡದು. ಎಲ್ಲಿ ಹಿಡಿದೆ ಅಂದ್ರೆ ಉತ್ತರಕ್ಕೆ ಹೋದೋನು ದಕ್ಷಿಣ ತೋರಿಸ್ತಾನೆ. ಅಪ್ಪ ತೋರಿಸಿಕೊಟ್ಟ ಜಾಗ ಕಟ್ಟಿಕೊಂಡ ಹೆಂಡ್ತಿಗೂ ಹೇಳಲ್ಲ.

ಅಂಥವರಿಂದ ನಿಜ ಹೊರಡಿಸೋ ಕೆಲಸ ಓಡ್ರುನ್‌ದು. ಇನ್ನೂ ಬೆಳಕು ಹರಿದಿಲ್ಲ, ಮೀನು ಇಳಿಸೋ ಶೆಡ್ಡಲ್ಲಿ ಕಾಫಿಗಿಟ್ಟು, ಉಣ್ಣೆ ಟೋಪಿ ಕಿವಿ ಮೇಲೆ ಎಳ್ಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಮೂವತ್ತು ವರ್ಷ ಇದೇ ಶೆಡ್ಡಲ್ಲಿ ಮೀನು ಸೀಳಿದವಳು. ಮೊಣಕೈ ಕೆಟ್ಟ ಮೇಲೆ ಮೀನುಗಾರರ ಸಂಘದವರು ಈ ಕುರ್ಚಿ ಕೊಟ್ಟರು.

ಈ ಸಲ ಸರ್ಕಾರ ಖಡಾಖಂಡಿತ ಹೇಳಿಬಿಟ್ಟಿದೆ. ಮರಿ ಮೀನು ಎಲ್ಲಿ ಬಲೆಗೆ ಬೀಳ್ತಿದೆ ಅಂತ ಗೊತ್ತಾದ್ರೆ ಆ ಭಾಗ ಮಾತ್ರ ಮುಚ್ತಾರೆ. ಗೊತ್ತಾಗದೇ ಹೋದ್ರೆ ಇಡೀ ಫ್ಯೋರ್ಡಲ್ಲಿ, ಬೆಟ್ಟಗಳ ನಡುವೆ ಒಳನುಗ್ಗಿದ ಈ ಕಡಲ ತೋಳಲ್ಲಿ, ಎಲ್ಲೂ ಬಲೆ ಹಾಕೋ ಹಾಗಿಲ್ಲ. ಆಗ ಎರಡೂ ದಡದ ದೋಣಿಗಳು ಚಳಿಗಾಲವೆಲ್ಲ ಒಣಗ್ತಾ ಬಿದ್ದಿರಬೇಕು.

"ಓಡ್ರುನಕ್ಕ, ನನ್ನ ಜಾಗಾನ ಆಚೆ ದಡದ ಕಳ್ಳರ ಕೈಗೆ ಕೊಡ್ತೀಯಾ?" ಬೂಟಿನ ಹಿಮ ಒದರ್ತಾ ಒಳಗೆ ಬರ್ತಾನೆ ದೋಣಿಯವನು ಟೋರ್ಗಿಲ್ಸ್.

"ನಿನ್ನ ಜಾಗ ನಂಗೇ ಬೇಡ ಮಾರಾಯ. ಎಲ್ಲಿ ಎಷ್ಟು ಮರಿ ಬಿತ್ತು ಅಂತ ನೀನು ಈ ಕಂಪ್ಯೂಟರಲ್ಲಿ ಒತ್ತೋ ಅಂಕಿ ಮೂರು ಚೂರಾಗಿ ಹೋಗುತ್ತೆ. ನಮಗೊಂದು, ಆಚೆ ದಡದ ಸಂಘಕ್ಕೊಂದು, ಮೀನಿನ ಸಂಶೋಧನೆಯವರಿಗೊಂದು. ಒಂದೇ ಚೂರು ನೋಡಿದ್ರೆ ಬರೀ ಕಸ. ಎಲ್ಲಾ ದೋಣಿಯವರದ್ದೂ ಕೂಡಿದ ಮೇಲೆ, ನೀರಿನ ಯಾವ ಭಾಗದಲ್ಲಿ ಒಟ್ಟು ಎಷ್ಟು ಮರಿ ಅನ್ನೋದಷ್ಟೇ ಹೊರಗೆ ಬರೋದು."

"ಸುಳ್ಳು ಒತ್ತಿದ್ರೆ?"

"ಯಾರೂ ನೋಡಲ್ಲ ಅಂದ್ಮೇಲೆ ಯಾರಿಗೋಸ್ಕರ ಸುಳ್ಳು ಹೇಳ್ತೀಯ? ಅಭ್ಯಾಸ ತಪ್ಪಬಾರದು ಅಂತಾನಾ? ಸರಿ, ಸುಳ್ಳು ಒತ್ತಿ ತಪ್ಪು ಜಾಗ ಮುಚ್ಚಿಸು, ಮರಿಯೆಲ್ಲ ಬಲೆಗೆ ಬೀಳಲಿ. ಆಮೇಲೆ ಮೊಮ್ಮಗನಿಗೆ ಕಾಡ್ ಮೀನನ್ನ ಚಿತ್ರದಲ್ಲಿ ತೋರಿಸು."

ಟೋರ್ಗಿಲ್ಸ್ ಗೊಣಗ್ತಾ ಕಂಪ್ಯೂಟರ್ ಮುಂದೆ ಕೂರ್ತಾನೆ. ಓಡ್ರುನ್ ಬೆನ್ನು ತಿರುಗಿಸಿ, ವಾಫಲ್ ಮೇಲಿಡೋಕೆ ಕಂದು ಚೀಸ್ ಹೆರೀತಾಳೆ. ಅವನು ಅಂಕಿ ಒತ್ತಿ ಮುಗಿಸೋವರೆಗೂ ಈ ಕಡೆ ನೋಡಲ್ಲ.

ಎಲ್ಲರದ್ದೂ ಆದ ಮೇಲೆ ಮೊತ್ತ ಬರುತ್ತೆ. ಮುಚ್ಚೋದು ಒಂದೇ ಭಾಗ, ಹಳೇ ದೀಪಸ್ತಂಭದ ಪೂರ್ವಕ್ಕೆ. ಉಳಿದದ್ದೆಲ್ಲ ತೆರೆದೇ ಇರುತ್ತೆ. ಮಾರನೇ ಬೆಳಿಗ್ಗೆ ಶೆಡ್ಡಲ್ಲಿ ಒಬ್ಬೊಬ್ಬನೂ "ಹೋಯ್ತು, ನಮ್ಮಪ್ಪನ ಜಾಗಾನೇ ಹೋಯ್ತು" ಅಂತ ಎದೆ ಬಡ್ಕೋತಾನೆ. ಹುಟ್ಟಿದಾಗಿನಿಂದ ಪೂರ್ವಕ್ಕೆ ತಲೆ ಹಾಕದವನದ್ದೇ ಜೋರು ಅಳು.

"ನಿಜವಾಗಿ ಯಾರದು ಅಂತ ನಂಗೂ ಗೊತ್ತಿಲ್ಲ," ಅಂತಾಳೆ ಓಡ್ರುನ್, ನಗ್ತಾ. "ಗೊತ್ತಾಗದೇ ಇರೋ ಹಾಗೆ ನೋಡ್ಕೊಳ್ಳೋಕೆ ತಾನೇ ನಂಗೆ ಸಂಬಳ. ದೋಣಿ ಹೊರಡ್ತಾವೆ, ಅಷ್ಟು ಸಾಕು."

ಟೋರ್ಗಿಲ್ಸ್ ಒಬ್ಬ ಮಾತ್ರ ಗೋಳಾಡಲ್ಲ. ಕಾಫಿ ಕುಡಿದು, ತನ್ನ ಲೋಟ ತಾನೇ ತೊಳೆದಿಟ್ಟು, "ಬರ್ತೀನಕ್ಕ" ಅಂತ, ಪೂರ್ವದ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೊರಡ್ತಾನೆ. ಆ ಮನುಷ್ಯ ಲೋಟ ತೊಳೆದದ್ದನ್ನ ಈ ಬಂದರಲ್ಲಿ ಇದುವರೆಗೆ ಯಾರೂ ಕಂಡಿರಲಿಲ್ಲ. ಯಾಕಿರಬಹುದು, ನೀವೇ ಹೇಳಿ ನೋಡೋಣ.