ಹುಳುಕಡ್ಡಿಯಲ್ಲ

ಮೊದಲು ಬಲಗೈ ಹಿಂಬದಿಯಲ್ಲಿ ಒಂದು ಗುಳ್ಳೆ. ಕೆಲವೇ ವಾರಗಳಲ್ಲಿ ಅದು ಎಂಟಾಣೆ ಅಗಲದ ಉಂಗುರವಾಯಿತು. ಅಂಚು ಉಬ್ಬಿ ಕೆಂಪಗೆ, ನಡುವೆ ಮಾಮೂಲಿ ಚರ್ಮ. ಕಡಿತವಿಲ್ಲ. ನೋವಿಲ್ಲ. ಆಮೇಲೆ ಎಡಗೈಗೂ ಬಂತು.

ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೂ ನನ್ನ ವಾರಗಿತ್ತಿ ವಸಂತಳೂ ಹನ್ನೊಂದು ವರ್ಷದಿಂದ ಒಬ್ಬಟ್ಟು, ಚಪಾತಿ ಮಾಡಿ ಮಾರುತ್ತಿದ್ದೆವು. ಹೂರಣದ ಹದ ನನ್ನದು. ಗಿರಾಕಿಗಳ ಜೊತೆ ಮಾತು ಅವಳದು.

ಆ ಮಾತಿನಲ್ಲೇ ಅವಳು ನನ್ನನ್ನು ಮುಗಿಸಿದಳು.

"ಅಕ್ಕಂಗೆ ಹುಳುಕಡ್ಡಿ ಆಂಟಿ, ಅಂಟತ್ತೆ. ಈಗ ಎಲ್ಲಾ ನಾನೊಬ್ಳೇ ಮಾಡ್ತಾ ಇದೀನಿ."

ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆರ್ಡರ್ ಎಲ್ಲ ಅವಳ ಫೋನಿಗೇ ಬರತೊಡಗಿತು. ಮೆಡಿಕಲ್ ಶಾಪಿನ ಮುಲಾಮು ಎರಡು ತಿಂಗಳು ಹಚ್ಚಿದರೂ ಉಂಗುರ ಕರಗಲಿಲ್ಲ. ಹಿಟ್ಟು ಮುಟ್ಟದೆ ಕೂತ ಆ ದಿನಗಳಲ್ಲಿ, ಅವಳ ಕೈಗೂ ಇದೇ ಬರಲಿ ಎಂದು ದೇವರ ಮುಂದೆ ನಿಂತು ಬೇಡಿಕೊಂಡಿದ್ದೇನೆ. ಸುಳ್ಳೇಕೆ ಹೇಳಲಿ?

ವಿಜಯನಗರದ ಸ್ಕಿನ್ ಡಾಕ್ಟರ್ ಅಂಚನ್ನು ಬೆರಳಿಂದ ಸವರಿ ನೋಡಿದರು.

"ಮೇಲೆ ಹೊಟ್ಟು ಎದ್ದಿಲ್ಲ ನೋಡಿ. ಇದು ಹುಳುಕಡ್ಡಿ ಥರ ಕಾಣ್ಸಲ್ಲ. ಗ್ರಾನ್ಯುಲೋಮಾ ಆನ್ಯುಲೇರ್ ಇರ್ಬೋದು. ಬಯಾಪ್ಸಿ ಮಾಡಿದ್ರೆ ಗೊತ್ತಾಗತ್ತೆ."

"ರಿಪೋರ್ಟ್ ನನ್ ಕೈಗೆ ಕೊಡ್ತೀರಾ?"

ನಾನು ಕೇಳಿದ್ದು ಅದೊಂದೇ. ವಾಸಿಯಾಗುತ್ತದಾ ಎಂದೂ ಕೇಳಲಿಲ್ಲ.

ವಾರದ ನಂತರ ಅವರೇ ಬಿಡಿಸಿ ಹೇಳಿದರು. ಮೈಕ್ರೋಸ್ಕೋಪಿನಲ್ಲಿ ಒಳಚರ್ಮದ ಕೊಲಾಜನ್ ಎಳೆಗಳು ಅಲ್ಲಲ್ಲಿ ಕೆಟ್ಟುಹೋಗಿ, ನಡುವೆ ಮ್ಯೂಸಿನ್ ಎಂಬ ಲೋಳೆ ತುಂಬಿತ್ತಂತೆ. ಅದರ ಸುತ್ತ ಹಿಸ್ಟಿಯೋಸೈಟ್ ಎಂಬ ಕಣಗಳು ಬೇಲಿಯ ಗೂಟಗಳಂತೆ ಸಾಲುಗಟ್ಟಿದ್ದವಂತೆ. ಹುಳುಕಡ್ಡಿ ತರುವ ಫಂಗಸ್ ಎಲ್ಲೂ ಇಲ್ಲ, ಇದು ಗ್ರಾನ್ಯುಲೋಮಾ ಆನ್ಯುಲೇರೇ. ಯಾಕೆ ಬರುತ್ತದೋ ಸರಿಯಾಗಿ ಗೊತ್ತಿಲ್ಲ, ಎಷ್ಟೋ ಜನರಿಗೆ ತಾನಾಗಿಯೇ ಹೋಗುತ್ತದೆ ಎಂದರು.

ಅಂಟುವುದಿಲ್ಲ.

ವಸಂತ ರಿಪೋರ್ಟ್ ಹಿಡಿದು ಅತ್ತಳು. "ತಪ್ಪಾಯ್ತು ಅಕ್ಕ."

"ನಂಗೆ ಹೇಳ್ಬೇಡ. ಯಾರ್ಯಾರ್ ಮನೇಲಿ ಹೇಳಿದ್ಯೋ ಅಲ್ಲಿಗೆ ಹೋಗಿ ಹೇಳು. ನಾನೂ ಬರ್ತೀನಿ."

ಎರಡು ಸಂಜೆ ನಡೆದೆವು. ಮೊದಲ ಗೇಟಿನಲ್ಲಿ ಅವಳು, "ಗೊತ್ತಿಲ್ದೆ ಹೇಳ್ಬಿಟ್ಟೆ ಆಂಟಿ" ಎಂದಳು.

"ಗೊತ್ತಿಲ್ದೆ ಅನ್ಬೇಡ," ಎಂದೆ. "ಯಾರನ್ನೂ ಕೇಳ್ದೆ ಹೇಳ್ಬಿಟ್ಟೆ ಅನ್ನು."

ಹಾಗೇ ಹೇಳಿದಳು. ನಾನು ಎರಡೂ ಕೈ ಚಾಚಿ ತೋರಿಸಿದೆ. ಐದನೇ ಮನೆಯಲ್ಲಿ ಅವಳ ದನಿ ಒಡೆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆರನೇ ಮನೆಯ ಬೆಲ್ ನಾನೇ ಒತ್ತಿದೆ.

ಈಗ ಮತ್ತೆ ಹೂರಣ ರುಬ್ಬುತ್ತಿದ್ದೇನೆ. ಬಲಗೈ ಉಂಗುರ ಮಾಸುತ್ತಿದೆ. ಮೊಣಕೈ ಬಳಿ ಹೊಸದೊಂದು ಎದ್ದಿದೆ. ಇರಲಿ. ಅದಕ್ಕೊಂದು ಹೆಸರು ಕೊಟ್ಟ ಡಾಕ್ಟರನ್ನು ನೆನೆಯದ ದಿನವಿಲ್ಲ.

"ಇನ್ನಾದ್ರೂ ಅವಳ್ನ ಕ್ಷಮಿಸ್ಬಾರ್ದಾ?" ಎಂದು ಯಜಮಾನರು ಕೇಳುತ್ತಾರೆ. ಕೇಳಿದಾಗೆಲ್ಲ ನಿಜವಾಗಿಯೂ ಯೋಚಿಸಿ ನೋಡುತ್ತೇನೆ.

ಇನ್ನೂ ಆಗುತ್ತಿಲ್ಲ.